ನಾಲ್ಕು ನಲವತ್ತೆಂಟಾದ ಕಥೆ

ನಮ್ಮ ದೊಡ್ಡಪ್ಪನ ಮಗ ಇಪ್ಪತ್ತೆರಡು ವರ್ಷ ಲಾರಿ ನಡೆಸಿದವನು. ಓದಿದ್ದು ಏಳನೆಯ ತರಗತಿ; ಆದರೆ ಹೆದ್ದಾರಿಗಳ ವಿಷಯದಲ್ಲಿ ಅವನನ್ನು ಮೀರಿಸುವ ಪಂಡಿತನನ್ನು ನಾನು ಕಂಡಿಲ್ಲ. ಮುಂಬಯಿಗೆ ಹೋಗುವುದು ನಾಲ್ಕು, ಹಾಸನದ ಮೇಲೆ ಮಂಗಳೂರಿಗೆ ಇಳಿಯುವುದು ನಲವತ್ತೆಂಟು, ಸೊಲ್ಲಾಪುರದ್ದು ಹದಿಮೂರು, ಕರಾವಳಿಯ ಉದ್ದಕ್ಕೂ ಹದಿನೇಳು, ಹೊನ್ನಾವರದ್ದು ಇನ್ನೂರ ಆರು ಎಂದು ಮಗ್ಗಿ ಒಪ್ಪಿಸಿದಂತೆ ಹೇಳುತ್ತಿದ್ದ. ಅವನ ಬಾಯಲ್ಲಿ ಊರುಗಳ ಹೆಸರು ಬರುತ್ತಿದ್ದುದೇ ಅಪರೂಪ. "ಹದಿನೇಳರಾಗೆ ಮಳೆ ಜೋರಂತೆ, ನಲ್ವತ್ತೆಂಟರಾಗೆ ಗುಡ್ಡ ಜರಿದೈತಂತೆ" ಎಂದರೆ, ಅದು ಹೊನ್ನಾವರದ ಕಡೆಯ ಮಾತೋ ಶಿರಾಡಿ ಘಾಟಿಯ ಮಾತೋ ಎಂದು ಕೇಳಿದವರೇ ಅರ್ಥಮಾಡಿಕೊಳ್ಳಬೇಕು. ಇಂಥವನು ಸಂಖ್ಯೆಯ ಕೈಯಲ್ಲೇ ಮೋಸಹೋದ. ಆ ಪ್ರಸಂಗ ನಡೆಯದೆ ಇದ್ದಿದ್ದರೆ ಹೆದ್ದಾರಿಗಳಿಗೆ ಸಂಖ್ಯೆ ಕೊಡುವವರು ಯಾರು, ಯಾವ ಲೆಕ್ಕದಿಂದ ಕೊಡುತ್ತಾರೆ ಎಂಬ ಗೊಡವೆಗೆ ನಾನೂ ಹೋಗುತ್ತಿರಲಿಲ್ಲ.

ಲಾರಿಯನ್ನು ಮಾರಿದ ಮೇಲೆ ಅಣ್ಣ ದಾವಣಗೆರೆಗೂ ಹರಿಹರಕ್ಕೂ ನಡುವೆ, ಹೆದ್ದಾರಿಗೆ ತಾಗಿಕೊಂಡಿದ್ದ ತನ್ನ ಮೂರೆಕರೆ ಹೊಲದಲ್ಲಿ ನೆಲೆನಿಂತ. ರಸ್ತೆಯ ಕಡೆಯ ಬದುವಿನಲ್ಲಿ ಒಂದು ಬಾವಿ, ಬಾವಿಯ ಪಕ್ಕಕ್ಕೆ ನಮ್ಮ ಅಜ್ಜ ನೆಟ್ಟ ಹುಣಿಸೆಮರ. 2010 ಕಳೆದು ಕೆಲವು ವರ್ಷಗಳಾಗಿದ್ದುವು. ಒಂದು ಬೆಳಿಗ್ಗೆ ಪತ್ರಿಕೆಯ ಒಳಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಒಂದು ಸರಕಾರಿ ಪ್ರಕಟಣೆ ಬಂತು. ರಾಷ್ಟ್ರೀಯ ಹೆದ್ದಾರಿ 48ನ್ನು ಅಗಲಗೊಳಿಸುವ ಸಲುವಾಗಿ ಜಮೀನುಗಳನ್ನು ಸ್ವಾಧೀನಪಡಿಸಿಕೊಳ್ಳುವ ಉದ್ದೇಶವಿದೆ ಎಂದು ತಲೆಬರಹ. ಅಣ್ಣ ತಲೆಬರಹವನ್ನು ಓದಿ, "ಪಾಪ, ಸಕಲೇಶಪುರದ ಕಡೆಯವರ ತೋಟ ಹೋಗ್ತಾವೆ" ಎಂದು ಮರುಗಿ, ಪತ್ರಿಕೆಯನ್ನು ಮಡಿಸಿಟ್ಟ. ಕೆಳಗಿನ ಪಟ್ಟಿಯಲ್ಲಿ ತನ್ನ ಊರಿನ ಹೆಸರೂ ತನ್ನ ಹೊಲದ ಸರ್ವೆ ನಂಬರೂ ಇದ್ದುದನ್ನು ನೋಡಲಿಲ್ಲ. ನೋಡಬೇಕಾಗಿತ್ತು ಎನ್ನುವವರಿಗೆ ನಾನು ಎದುರಾಡುವುದಿಲ್ಲ. ಆದರೆ ಇಪ್ಪತ್ತೆರಡು ವರ್ಷ 48 ಎಂದರೆ ಮಂಗಳೂರ ರಸ್ತೆ ಎಂದು ಚಕ್ರ ಉರುಳಿಸಿದವನಿಗೆ, ತನ್ನ ಹೊಲದ ಮುಂದಿನ ರಸ್ತೆಯೇ 48 ಎಂಬುದು ಹೊಳೆಯುವ ಬಗೆ ಹೇಗೆ? ಹೊಲದಿಂದ ಕೂಗಳತೆಯ ದೂರದಲ್ಲಿದ್ದ ಪಂಚರ್ ಅಂಗಡಿಯ ಬೋರ್ಡಿನ ಮೇಲೆ ಆಗ ಇನ್ನೂ "ಎನ್.ಎಚ್. 4" ಎಂದೇ ಬರೆದಿತ್ತು.

ಕಾಯಿದೆಯ ಪ್ರಕಾರ ಅಂಥ ಪ್ರಕಟಣೆ ಹೊರಟ ದಿನದಿಂದ 21 ದಿನಗಳ ಒಳಗೆ ತಕರಾರು ಸಲ್ಲಿಸಬೇಕು. ಆಮೇಲೆ ಬರುವ ಇನ್ನೊಂದು ಪ್ರಕಟಣೆಯಿಂದ ನೆಲ ಕೇಂದ್ರ ಸರಕಾರಕ್ಕೆ ಸೇರಿಹೋಗುತ್ತದೆ. ಉಳಿಯುವುದು ಪರಿಹಾರದ ಲೆಕ್ಕ ಮಾತ್ರ. ಅಳತೆಯವರು ಬಂದು ಬಾವಿಯ ಆಚೆಗೆ ಕಲ್ಲು ನೆಟ್ಟ ದಿನ ಅಣ್ಣ ನನಗೆ ಫೋನು ಮಾಡಿದ.

"ನಲ್ವತ್ತೆಂಟು ಅಂದ್ರೆ ಮಂಗಳೂರ ರೋಡಲ್ಲೇನೋ ತಮ್ಮಾ? ನಂದು ನಾಲ್ಕರ ಪಕ್ಕದ್ದು."

ಇಪ್ಪತ್ತೊಂದು ದಿನಗಳು ಎಂದೋ ಮುಗಿದಿದ್ದುವು. ತಕರಾರು ಕೊಟ್ಟಿದ್ದರೆ ಬಾವಿ ಉಳಿಯುತ್ತಿತ್ತೆಂದು ನಾನು ಹೇಳಲಾರೆ, ಬಹುಶಃ ಉಳಿಯುತ್ತಿರಲಿಲ್ಲ. ಪರಿಹಾರವೂ ಬಂತು, ಮೋಸವೇನೂ ಆಗಲಿಲ್ಲ. ಆದರೆ ಅಧಿಕಾರಿಯ ಮುಂದೆ ನಿಂತು, "ಸ್ವಾಮೀ, ಇಲ್ಲೊಂದು ಬಾವಿ ಇದೆ, ನಾಲ್ಕು ಮಾರು ಅತ್ತ ಸರಿಯಲು ಸಾಧ್ಯವೇ ನೋಡಿ" ಎಂದು ಒಂದು ಮಾತು ಕೇಳುವ ಹಕ್ಕು ಅವನಿಗಿತ್ತು. ಆ ಹಕ್ಕು ಒಂದು ಅಂಕಿಯ ಗೊಂದಲದಲ್ಲಿ ಕಳೆದುಹೋಯಿತು. ಅವನಿಗೆ ಉತ್ತರ ಹೇಳಬೇಕೆಂದೇ ನಾನು ಹಳೆಯ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಎದುರುಬದುರು ಇಟ್ಟುಕೊಂಡು ಕುಳಿತೆ.

ರಸ್ತೆಗೆ ಸಂಖ್ಯೆ ಬೇಕೆಂಬ ಯೋಚನೆ ನಮ್ಮ ದೇಶದಲ್ಲಿ ಹಳೆಯದೇನಲ್ಲ. ಶೇರ್ ಶಹ ಬಂಗಾಳದಿಂದ ಸಿಂಧೂ ನದಿಯವರೆಗೆ ರಸ್ತೆ ಸರಿಪಡಿಸಿ ಸರಾಯಿಗಳನ್ನು ಕಟ್ಟಿಸಿದ. ಮೊಗಲರು ಕ್ರೋಶಕ್ಕೊಂದು ಗೋಪುರ ನಿಲ್ಲಿಸಿದರು. ಇವರಾರೂ ರಸ್ತೆಗಳನ್ನು ಎಣಿಸಲಿಲ್ಲ. ರಸ್ತೆಗೆ ಅದು ಮುಟ್ಟುವ ಊರಿನ ಹೆಸರೇ ಸಾಕಾಗಿತ್ತು. ಸಂಖ್ಯೆ ಬೇಕಾಗುವುದು ಲೆಕ್ಕ ಬರೆಯುವವನಿಗೆ, ಅಂದರೆ ಹಣ ಕೊಡುವವನಿಗೆ. ನಮ್ಮಲ್ಲಿ ಆ ಪ್ರಶ್ನೆ ಎದ್ದದ್ದು ಮೋಟಾರು ಬಂದ ಮೇಲೆ. ಗಾಡಿಯ ಚಕ್ರಕ್ಕೆಂದು ಹಾಕಿದ ಕಲ್ಲುರಸ್ತೆಗಳು ಮೋಟಾರಿನ ಓಟಕ್ಕೆ ಪುಡಿಯಾಗತೊಡಗಿದುವು. ಅವನ್ನು ದುರಸ್ತಿಮಾಡಲು ಜಿಲ್ಲಾ ಬೋರ್ಡುಗಳ ಕೈಯಲ್ಲಿ ಕಾಸಿರಲಿಲ್ಲ. 1927ರಲ್ಲಿ ಮುಕುಂದ ರಾಮರಾವ್ ಜಯಕರರ ಅಧ್ಯಕ್ಷತೆಯಲ್ಲಿ ಒಂದು ಕಮಿಟಿ ನೇಮಕವಾಯಿತು. ಮರುವರ್ಷ ಅದು ವರದಿ ಕೊಟ್ಟು, ರಸ್ತೆಗಳ ಅಭಿವೃದ್ಧಿ ಪ್ರಾಂತಗಳ ಶಕ್ತಿಗೆ ಮೀರಿದ್ದು, ಇದು ಇಡೀ ದೇಶದ ಹಿತಕ್ಕೆ ಸೇರಿದ್ದು, ಪೆಟ್ರೋಲಿನ ಮೇಲೆ ಹೆಚ್ಚಿನ ತೆರಿಗೆ ಹಾಕಿ ಆ ಹಣವನ್ನು ರಸ್ತೆಗೇ ಮೀಸಲಿಡಿ ಎಂದಿತು. ಹಾಗೆ 1929ರಲ್ಲಿ ಕೇಂದ್ರ ರಸ್ತೆ ನಿಧಿ ಹುಟ್ಟಿತು. 1934ರಲ್ಲಿ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ಹುಟ್ಟಿತು.

ಆದರೂ ಯಾವ ರಸ್ತೆ ಯಾರದು ಎಂಬುದು ತೀರ್ಮಾನವಾಗಿರಲಿಲ್ಲ. ಅದಾದದ್ದು ಯುದ್ಧದ ನಡುವೆ, 1943ರ ಡಿಸೆಂಬರಿನಲ್ಲಿ, ನಾಗಪುರದಲ್ಲಿ. ಪ್ರಾಂತಗಳ ಮತ್ತು ಸಂಸ್ಥಾನಗಳ ಮುಖ್ಯ ಎಂಜಿನಿಯರುಗಳು ಅಲ್ಲಿ ಕೂಡಿ ಇಪ್ಪತ್ತು ವರ್ಷಗಳ ಯೋಜನೆಯೊಂದನ್ನು ಬರೆದರು. ನಮ್ಮ ರಸ್ತೆಗಳಿಗೆ ಜಾತಿಯನ್ನು ಕಟ್ಟಿದವರು ಇವರೇ: ಮೇಲೆ ರಾಷ್ಟ್ರೀಯ ಹೆದ್ದಾರಿ, ಅದರ ಕೆಳಗೆ ಪ್ರಾಂತೀಯ ಹೆದ್ದಾರಿ, ಅದರ ಕೆಳಗೆ ಜಿಲ್ಲಾ ರಸ್ತೆ, ಎಲ್ಲದರ ಬುಡದಲ್ಲಿ ಹಳ್ಳಿಯ ರಸ್ತೆ. ಮೊದಲನೆಯದರ ಖರ್ಚು ಕೇಂದ್ರದ್ದು, ಉಳಿದವುಗಳದ್ದು ಪ್ರಾಂತಗಳದ್ದು. ಅದೇ ಪ್ರಕಾರ 1947ರ ಏಪ್ರಿಲ್ 1ರಿಂದ, ಸ್ವಾತಂತ್ರ್ಯ ಬರುವುದಕ್ಕೆ ನಾಲ್ಕೂವರೆ ತಿಂಗಳು ಮೊದಲೇ, ಆಯ್ದ ಹೆದ್ದಾರಿಗಳ ಹೊಣೆಯನ್ನು ಕೇಂದ್ರ ತಾತ್ಕಾಲಿಕವಾಗಿ ವಹಿಸಿಕೊಂಡಿತು. ಅವುಗಳ ಒಟ್ಟು ಉದ್ದ ಸುಮಾರು 21 ಸಾವಿರ ಕಿಲೋಮೀಟರು. ಈಗ ಅದು ಒಂದು ಲಕ್ಷದ ನಲವತ್ತಾರು ಸಾವಿರವನ್ನು ದಾಟಿದೆ. ಕಾನೂನಿನ ಮುದ್ರೆ ಬಿದ್ದದ್ದು ಮಾತ್ರ ತಡವಾಗಿ: ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆಗೆ ಒಪ್ಪಿಗೆ ದೊರೆತದ್ದು 1956ರ ಸೆಪ್ಟೆಂಬರ್ 11ರಂದು, ಜಾರಿಗೆ ಬಂದದ್ದು 1957ರ ಏಪ್ರಿಲ್ 15ರಂದು.

ಈ ತಾರೀಖುಗಳನ್ನು ನೋಡುವಾಗ ಕನ್ನಡಿಗನಾದ ನನಗೆ ಇನ್ನೊಂದು ತಾರೀಖು ನೆನಪಾಗದೆ ಇರಲಿಲ್ಲ. ನಮ್ಮ ಅಜ್ಜನ ಕಾಲಕ್ಕೆ ದಾವಣಗೆರೆ, ಹರಿಹರಗಳು ಮೈಸೂರು ಸಂಸ್ಥಾನ. ಹರಿಹರದಲ್ಲಿ ತುಂಗಭದ್ರೆಯ ಸೇತುವೆಯನ್ನು ದಾಟಿದರೆ ಮುಂಬಯಿ ಸರಕಾರ. ರಾಣೆಬೆನ್ನೂರಿನ ಸಂತೆಗೆ ಹೋಗುವುದೆಂದರೆ ಅಜ್ಜ "ಇಂಗ್ಲಿಷರ ಸೀಮೆಗೆ ಹೋಗಿಬರ್ತೀನಿ" ಎನ್ನುತ್ತಿದ್ದನಂತೆ. ಹೊಳೆಯ ಈ ಕಡೆಯ ರಸ್ತೆಯನ್ನು ನೋಡಿಕೊಳ್ಳುವ ಎಂಜಿನಿಯರು ಬೇರೆ, ಆ ಕಡೆಯವನು ಬೇರೆ. ಹೊಳೆಯ ಎರಡು ದಡದ ಕನ್ನಡಿಗರು ಒಂದು ರಾಜ್ಯದವರಾದದ್ದು 1956ರ ನವೆಂಬರ್ 1ರಂದು. ಆ ಎರಡು ದಡದ ರಸ್ತೆಗೂ ಒಂದೇ ಸಂಖ್ಯೆ, ಒಂದೇ ಯಜಮಾನ ಎಂದು ಬರೆದ ಕಾಯಿದೆ ಅದಕ್ಕಿಂತ ಏಳು ವಾರ ಹಿಂದಿನದು. ಇದು ಕಾಕತಾಳೀಯವೇ ಇರಬಹುದು. ಆದರೂ ಏಕೀಕರಣದ ಮಾತು ಬಂದಾಗಲೆಲ್ಲ ನಾವು ನೆನೆಯುವ ಹಿರಿಯರ ಸಾಲಿನಲ್ಲಿ ಈ ರಸ್ತೆಗೂ ಒಂದು ಮೂಲೆಯಲ್ಲಿ ಜಾಗ ಕೊಡಬಹುದೆಂದು ನನಗೆ ತೋರುತ್ತದೆ.

ಕಾಯಿದೆಯ ಕೊನೆಗೆ ಒಂದು ಅನುಸೂಚಿ. ಹಳೆಯ ಸಂಖ್ಯೆಗಳು ಅಲ್ಲಿದ್ದುವು. 1 ದೆಹಲಿಯಿಂದ ಅಂಬಾಲ, ಜಲಂಧರ, ಅಮೃತಸರದ ಮೇಲೆ ಪಾಕಿಸ್ತಾನದ ಗಡಿಗೆ; 2 ದೆಹಲಿಯಿಂದ ಕಲ್ಕತ್ತೆಗೆ. ಈ ಎರಡೂ ಕೂಡಿ ಬಹುಮಟ್ಟಿಗೆ ಹಳೆಯ ಗ್ರಾಂಡ್ ಟ್ರಂಕ್ ರಸ್ತೆಯೇ. 3 ಆಗ್ರಾದಿಂದ ಮುಂಬಯಿಗೆ. ಅಲ್ಲಿ ಠಾಣೆಯ ಹತ್ತಿರ ಅದನ್ನು ಬಿಟ್ಟು ಹೊರಟ 4, ಪುಣೆ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರುಗಳ ಮೇಲೆ ಮದರಾಸಿಗೆ. ಮದರಾಸಿನಿಂದ ಕರಾವಳಿ ಹಿಡಿದು ಬಂಗಾಳದ ಕಡೆಗೆ 5. ಕಲ್ಕತ್ತೆಯಿಂದ ನಾಗಪುರದ ಮೇಲೆ ಮತ್ತೆ ಪಶ್ಚಿಮಕ್ಕೆ 6. ನಕ್ಷೆಯ ಮೇಲೆ ಬೆರಳಿಟ್ಟು ಎಣಿಸಿ ನೋಡಿ, ಬೆರಳು ದೇಶಕ್ಕೆ ಒಂದು ಪ್ರದಕ್ಷಿಣೆ ಹಾಕುತ್ತದೆ. ಯಾವ ಗುಡಿಗೆ ಪ್ರದಕ್ಷಿಣೆ ಎಂದರೆ, ರಾಜಧಾನಿ ದೆಹಲಿ ಮತ್ತು ಮೂರು ಹಳೆಯ ಪ್ರೆಸಿಡೆನ್ಸಿ ಪಟ್ಟಣಗಳು. ಇಂಗ್ಲಿಷರು ಹೋದ ಮೇಲೂ ಅವರ ಆಡಳಿತದ ಅಸ್ಥಿಪಂಜರ ಒಂದರಿಂದ ಆರರವರೆಗಿನ ಸಂಖ್ಯೆಗಳಲ್ಲಿ ಕಾಣುತ್ತಿತ್ತು. ಕಾಶಿಯಿಂದ ಕನ್ಯಾಕುಮಾರಿಗೆ 2369 ಕಿಲೋಮೀಟರು ನಡೆದುಬರುತ್ತಿದ್ದ 7 ಒಂದು ಮಾತ್ರ ಯಾತ್ರಿಕರ ಸಂಖ್ಯೆಯಂತೆ ಕಾಣುತ್ತಿತ್ತು.

ಆ ಬಳಿಕದ ಸಂಖ್ಯೆಗಳಿಗೆ ಅಂಥ ಅರ್ಥವೇನೂ ಇರಲಿಲ್ಲ. ಬೇಕಾದಾಗ ಒಂದೊಂದನ್ನು ಸೇರಿಸುತ್ತ ಹೋದರು. ದೊಡ್ಡ ರಸ್ತೆಯಿಂದ ಕವಲೊಡೆದದ್ದಕ್ಕೆ ಬಾಲದಂತೆ ಒಂದು ಇಂಗ್ಲಿಷ್ ಅಕ್ಷರ. ಬೆಳಗಾವಿಯಿಂದ ಪಣಜಿಗೆ ಇಳಿಯುವುದು ಹಾಗೆ 4ಎ ಆಯಿತು. ಮುಂದೆ ಹತ್ತಾರು ರಾಜ್ಯ ರಸ್ತೆಗಳನ್ನು ಒಟ್ಟೊಟ್ಟಿಗೆ ಮೇಲ್ಜಾತಿಗೆ ಏರಿಸಿದಾಗ 200ರಿಂದ ಮುಂದಿನ ಸಂಖ್ಯೆಗಳು ಬಂದುವು. ತುಮಕೂರು, ಶಿವಮೊಗ್ಗ, ಹೊನ್ನಾವರದ 206ಕ್ಕೂ ಕೋಳಿಕೋಡು, ಮೈಸೂರು, ಕೊಳ್ಳೇಗಾಲದ 212ಕ್ಕೂ ನಡುವೆ ಆರು ಎಂಬ ವ್ಯತ್ಯಾಸವಲ್ಲದೆ ಬೇರೆ ಸಂಬಂಧವಿರಲಿಲ್ಲ. ಸಂಖ್ಯೆ ನೋಡಿ ರಸ್ತೆ ಎಲ್ಲಿದೆ ಎಂದು ಹೇಳಲಾಗದು, ಬಾಯಿಪಾಠ ಮಾಡಬೇಕು. ಅಣ್ಣ ಮಾಡಿದ್ದೂ ಅದನ್ನೇ.

ಈ ಗೋಜಲನ್ನು ಬಿಡಿಸಲು 2010ರ ಏಪ್ರಿಲಿನಲ್ಲಿ ರಾಜ್ಯಪತ್ರದಲ್ಲಿ ಹೊಸ ಸಂಖ್ಯೆಗಳು ಪ್ರಕಟವಾದುವು. ತತ್ತ್ವ ಸರಳ. ಉತ್ತರ ದಕ್ಷಿಣವಾಗಿ ಹೋಗುವ ಹೆದ್ದಾರಿಗಳಿಗೆ ಸಮಸಂಖ್ಯೆ, ಪೂರ್ವ ಪಶ್ಚಿಮವಾಗಿ ಹೋಗುವುವಕ್ಕೆ ಬೆಸಸಂಖ್ಯೆ. ಸಮಸಂಖ್ಯೆ ಪೂರ್ವದಿಂದ ಪಶ್ಚಿಮಕ್ಕೆ ಏರುತ್ತ ಹೋಗುತ್ತದೆ, ಬೆಸಸಂಖ್ಯೆ ಉತ್ತರದಿಂದ ದಕ್ಷಿಣಕ್ಕೆ. ಎಣಿಕೆ ಶುರುವಾಗುವುದು ನಕ್ಷೆಯ ಈಶಾನ್ಯದ ಮೂಲೆಯಿಂದ. ಅಮೆರಿಕದವರು 1926ರಲ್ಲಿ ತಮ್ಮ ರಸ್ತೆಗಳಿಗೆ ಸಂಖ್ಯೆ ಹಾಕಿದಾಗ ಅದೇ ಮೂಲೆಯಿಂದ ಆರಂಭಿಸಿದ್ದರು. ಸಮ ಬೆಸಗಳನ್ನು ಮಾತ್ರ ಅವರು ನಮಗೆ ತದ್ವಿರುದ್ಧವಾಗಿ ಹಂಚಿದ್ದರು. ಹೀಗಾಗಿ ನಮ್ಮ ಹೊಸ 1 ಕಾಶ್ಮೀರದ ಉರಿಯಿಂದ ಶ್ರೀನಗರ, ಕಾರ್ಗಿಲ್‌ಗಳ ಮೇಲೆ ಲೇಹ್‌ಗೆ ಹೋಗುತ್ತದೆ. ಹೊಸ 2 ಅಸ್ಸಾಮಿನ ದಿಬ್ರುಗಢದಲ್ಲಿ ಹುಟ್ಟಿ ಕೊಹಿಮಾ, ಇಂಫಾಲಗಳ ಮೇಲೆ ಮಿಜೋರಾಮಿಗೆ ಇಳಿಯುತ್ತದೆ. ದೆಹಲಿಯಿಂದ ಎಣಿಸುವ ಪದ್ಧತಿ ಅಲ್ಲಿಗೆ ಮುಗಿಯಿತು. ಗಡಿಯ ರಸ್ತೆಗಳಿಗೆ ಒಂದು ಎರಡು ಎಂಬ ಮಾನ ಬಂತು. ಈ ಬದಲಾವಣೆಯಲ್ಲಿ ನನಗೆ ಬಹಳ ಹಿಡಿಸಿದ ಅಂಶ ಇದು.

ಈಗ ನಮ್ಮ ನಾಡಿನಲ್ಲಿ ಬೆಸಸಂಖ್ಯೆಗಳನ್ನು ನೋಡಿ. ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿಯ ರಸ್ತೆ 67. ಅದರ ದಕ್ಷಿಣಕ್ಕೆ ಹೊನ್ನಾವರ, ಸಾಗರ, ಶಿವಮೊಗ್ಗದ್ದು 69. ಇನ್ನೂ ಕೆಳಗೆ ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ತುಮಕೂರಿಗೆ ಬರುವುದು 73. ಅದಕ್ಕೂ ಕೆಳಗೆ ಬಂಟ್ವಾಳ, ಹಾಸನ, ಬೆಂಗಳೂರಿನದು 75. ಮೆಟ್ಟಿಲು ಇಳಿದಂತೆ ಇಳಿಯುತ್ತವೆ. ಮೂರಂಕಿಯದಾದರೆ ಅದು ಕವಲು, ಅದರ ಕೊನೆಯ ಎರಡು ಅಂಕಿ ಮನೆತನದ ಹೆಸರು. ಬಂಟ್ವಾಳದಲ್ಲಿ 75ರಿಂದ ಸಿಡಿದು ಮಡಿಕೇರಿ, ಮೈಸೂರುಗಳ ಮೇಲೆ ಬೆಂಗಳೂರು ಸೇರುವ ರಸ್ತೆ 275. ಶಿವಮೊಗ್ಗದಿಂದ ತೀರ್ಥಹಳ್ಳಿಯ ಮೇಲೆ ಮಂಗಳೂರಿಗೆ ಇಳಿಯುವುದು 169, ಅಂದರೆ 69ರ ಮಗಳು. ತೀರ್ಥಹಳ್ಳಿಯಲ್ಲಿ ಅವಳನ್ನು ಬಿಟ್ಟು ಆಗುಂಬೆ ಇಳಿದು ಉಡುಪಿ ಕಡೆಗೆ ಓಡುವುದು 169ಎ, ಮೊಮ್ಮಗಳು. ಬಾಯಿಪಾಠದ ಕಷ್ಟ ತಪ್ಪಿ ವಂಶವೃಕ್ಷ ಓದಿದ ಸುಖ ಬರುತ್ತದೆ.

ಸಮಸಂಖ್ಯೆಯವು ಇಷ್ಟು ವಿಧೇಯವಲ್ಲ. ಶ್ರೀನಗರದಿಂದ ಕನ್ಯಾಕುಮಾರಿಗೆ ದೇಶದ ಬೆನ್ನೆಲುಬಿನಂತೆ ಇಳಿಯುವ 44, ಪಶ್ಚಿಮ ಕರಾವಳಿಯ ಉದ್ದಕ್ಕೂ ಪನವೇಲಿನಿಂದ ಬರುವ 66, ಇವೆರಡೂ ನಿಯಮಕ್ಕೆ ಸರಿಯಾಗಿ ನಿಂತಿವೆ. ನಮ್ಮ 48 ಮಾತ್ರ ಹಟಮಾರಿ. ದೆಹಲಿಯಿಂದ ಜಯಪುರ, ಉದಯಪುರ, ಅಹಮದಾಬಾದು, ಮುಂಬಯಿ, ಪುಣೆಗಳ ಮೇಲೆ ಬೆಂಗಳೂರಿನವರೆಗೆ ದಕ್ಷಿಣಕ್ಕೆ ಬಂದು, ಅಲ್ಲಿಂದ ಮುಂದೆ ಪೂರ್ವಕ್ಕೆ ತಿರುಗಿ, ಕೃಷ್ಣಗಿರಿಯಲ್ಲಿ 44ನ್ನು ಬಿಟ್ಟು ಚೆನ್ನೈಗೆ ಹೋಗಿ ಮುಟ್ಟುತ್ತದೆ. 44ರ ಪಶ್ಚಿಮಕ್ಕೆ ಇರಬೇಕಾದದ್ದು ಪೂರ್ವ ಸಮುದ್ರದ ದಡದಲ್ಲಿ ಕೊನೆಯಾಗುತ್ತದೆ. ಇನ್ನು ವಿಜಯಪುರದ ಮೇಲೆ ಹೋಗುವ 52 ಪೂರ್ವದಲ್ಲಿದೆ, ಬೆಳಗಾವಿಯ 48 ಪಶ್ಚಿಮದಲ್ಲಿದೆ. ಲೆಕ್ಕದ ಪ್ರಕಾರ ಇದು ತಲೆಕೆಳಗು. ರಸ್ತೆಗಳು ಚೌಕುಳಿ ಕಾಗದದ ಮೇಲೆ ಹುಟ್ಟಿದುವಲ್ಲ. ಘಾಟಿ ಎಲ್ಲಿ ಇಳಿಯಲು ಬಿಟ್ಟಿತೋ, ಹೊಳೆ ಎಲ್ಲಿ ಸೇತುವೆಗೆ ಬಂಡೆ ಕೊಟ್ಟಿತೋ ಅಲ್ಲಿ ಹುಟ್ಟಿದುವು. ಲೆಕ್ಕ ಆಮೇಲೆ ಬಂದದ್ದು.

ಹಳೆಯ ಸಂಖ್ಯೆಗಳ ಗತಿ ಏನಾಯಿತು ಎಂಬುದು ಇನ್ನೊಂದು ಪುರಾಣ. ಸೊಲ್ಲಾಪುರದಿಂದ ವಿಜಯಪುರ, ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗಗಳ ಮೇಲೆ ಮಂಗಳೂರಿಗೆ ಹೋಗುತ್ತಿದ್ದ ಹಳೆಯ 13 ಈಗ 52, 50, 369, 169 ಎಂದು ನಾಲ್ಕು ಪಾಲಾಗಿದೆ. 66 ಎಂಬುದು ಮೊದಲು ಪುದುಚೇರಿಯಿಂದ ಕೃಷ್ಣಗಿರಿಗೆ ಬರುತ್ತಿದ್ದ ರಸ್ತೆ. 75 ಗ್ವಾಲಿಯರಿನಿಂದ ರಾಂಚಿಯ ಕಡೆಗೆ ಹೋಗುತ್ತಿದ್ದದ್ದು. 44 ಶಿಲ್ಲಾಂಗ್, ಅಗರ್ತಲದ್ದು. ಕಾಶಿಯಿಂದ ಬರುತ್ತಿದ್ದ 7 ಈಗ ಬದರಿಗೆ ಹೋಗುತ್ತದೆ. ಅದರ ಪುಣ್ಯವೇನೂ ಕಡಿಮೆಯಾಗಲಿಲ್ಲವೆನ್ನಿ. ನಮ್ಮ 4 ಎಲ್ಲಿಗೆ ಹೋಯಿತೆಂದು ಹುಡುಕಿದೆ. ದೇಶದ ಪೂರ್ವದ ಅಂಚಿಗೆ ಸಣ್ಣ ಸಮಸಂಖ್ಯೆ ಸಲ್ಲಬೇಕಷ್ಟೆ. ಹಾಗಾಗಿ ಅದು ಸಮುದ್ರ ದಾಟಿ ಅಂದಮಾನಿಗೆ ಹೋಗಿದೆ. 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರಿನ ಹೆದ್ದಾರಿ ಈಗ 4. ಇದನ್ನು ಹೇಳಿದಾಗ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ನಮ್ಮ ನಾಲ್ಕಕ್ಕೆ ಕರಿನೀರಿನ ಶಿಕ್ಷೆ ಅನ್ನು" ಎಂದ.

ಬರಿದಾಗಿ ಉಳಿದ ಸಂಖ್ಯೆಗಳನ್ನು ಹೊಸ ರಸ್ತೆಗಳಿಗೆ ಕೊಟ್ಟದ್ದೇ ಅವನಂಥವರಿಗೆ ಮುಳುವಾದದ್ದು. 4 ಹೋಗಿ 1048 ಎಂಬಂಥ ಎಂದೂ ಕೇಳದ ಸಂಖ್ಯೆ ಬಂದಿದ್ದರೆ ಯಾರಾದರೂ ನಿಂತು, ಇದು ಯಾವುದಪ್ಪ ಎಂದು ಕೇಳುತ್ತಿದ್ದರು. ಬಂದದ್ದು 48, ಅದು ಆಗಲೇ ಎಲ್ಲರಿಗೂ ಪರಿಚಿತವಾದ, ನೂರಾರು ಕಿಲೋಮೀಟರು ಆಚೆಗಿನ ಇನ್ನೊಂದು ರಸ್ತೆಯ ಹೆಸರು. ಗೊತ್ತಿಲ್ಲದವನು ಕೇಳಿ ತಿಳಿದುಕೊಳ್ಳುತ್ತಾನೆ, ಗೊತ್ತಿದ್ದವನು ಕೇಳುವುದಿಲ್ಲ. ಕಚೇರಿಗಳವರು ಹಳೆಯ ಸಂಖ್ಯೆಯನ್ನು ಕೆಲವು ವರ್ಷವಾದರೂ ಪಕ್ಕದಲ್ಲಿ ನಮೂದಿಸುವುದು ವಾಡಿಕೆ. ಅಣ್ಣನ ಊರಿನ ಪ್ರಕಟಣೆಯಲ್ಲಿ ಅದು ಇರಲಿಲ್ಲ. ಎರಡು ಅಕ್ಷರದ ಮಸಿ ಉಳಿಯಿತು, ಅಷ್ಟೆ.

ಸಂಖ್ಯೆಯಲ್ಲಿ ಏನಿದೆ ಎಂದು ತಾತ್ಸಾರ ಮಾಡುವಂತಿಲ್ಲ. ಬಂಡೀಪುರದ ಕಾಡಿನಲ್ಲಿ ರಾತ್ರಿ ವಾಹನ ಓಡಬಾರದೆಂದು 2009ರಲ್ಲಿ ನಿರ್ಬಂಧ ಬಂದಾಗ ಆ ರಸ್ತೆಗಳು 212 ಮತ್ತು 67. ಈಗ ಅವೇ 766 ಮತ್ತು 181. ಹಳೆಯ ತೀರ್ಪನ್ನು ಓದುವವನು ಇಂದಿನ 67ನ್ನು ಹಿಡಿದು ಹೊರಟರೆ ಬಳ್ಳಾರಿಯ ಬಿಸಿಲಿನಲ್ಲಿ ಆನೆ ಹುಡುಕಬೇಕಾದೀತು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯ ಮಾರಕೂಡದೆಂದು ತೀರ್ಪಿತ್ತಾಗ, ತಮ್ಮ ಅಂಗಡಿಯ ಮುಂದಿನ ರಸ್ತೆಗೆ ಸಂಖ್ಯೆ ಇದೆಯೇ ಎಂದು ಎಂದೂ ನೋಡದವರೆಲ್ಲ ನೋಡಿದರು. 2017ರ ಜುಲೈ 1ರಂದು ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಪಾನಗೃಹಗಳಿಗೇ ಬೀಗ ಬಿತ್ತು. ಹೆದ್ದಾರಿ ಎಂಬ ಬಿರುದನ್ನು ಕಿತ್ತುಹಾಕಿ ಎಂದು ರಾಜ್ಯಗಳು ಓಡಾಡಿದುವು; ನಗರದೊಳಗಿನ ರಸ್ತೆಗಳ ವಿಷಯದಲ್ಲಿ ಹಾಗೆ ಮಾಡುವುದು ತಪ್ಪಲ್ಲವೆಂದು ಅದೇ ತಿಂಗಳು ನ್ಯಾಯಾಲಯವೂ ಹೇಳಿತು. ರಸ್ತೆ ಅದೇ, ಕುಡಿದು ಗಾಡಿ ಹತ್ತುವವನೂ ಅವನೇ. ಸಂಖ್ಯೆ ಇಲ್ಲವಾದರೆ ಅಪಾಯವೂ ಇಲ್ಲವೆಂಬ ಲೆಕ್ಕ ನನಗೆ ಇನ್ನೂ ಬಗೆಹರಿದಿಲ್ಲ.

ಸಂಖ್ಯೆ ಒಂದಾದ ಮಾತ್ರಕ್ಕೆ ರಸ್ತೆ ಒಂದಾಗುವುದಿಲ್ಲ ಎಂಬುದನ್ನು ನಮ್ಮ ಊರಿನವರು ಬಹಳ ದುಬಾರಿಯಾಗಿ ಕಲಿತರು. ನಾಲ್ಕು ಮಹಾನಗರಗಳನ್ನು ಜೋಡಿಸುವ 5846 ಕಿಲೋಮೀಟರಿನ ಸುವರ್ಣ ಚತುಷ್ಪಥದ ಯೋಜನೆಗೆ 1999ರಲ್ಲಿ ಅಡಿಗಲ್ಲು ಬಿತ್ತು. ನಮ್ಮ ರಸ್ತೆ ಅದರ ಒಂದು ಬಾಹು. ಬೆಂಗಳೂರಿನಿಂದ ಪುಣೆಯ ಕಡೆಗೆ ಎಲ್ಲೆಲ್ಲೂ ಮಾರ್ಗ ಅಗಲವಾಯಿತು. ಹುಬ್ಬಳ್ಳಿ ಧಾರವಾಡಗಳನ್ನು ಬಳಸಿ ಹೋಗುವ ಸುಮಾರು ಮೂವತ್ತು ಕಿಲೋಮೀಟರಿನ ತುಂಡು ಮಾತ್ರ, ಖಾಸಗಿಯವರು ಕಟ್ಟಿ ಸುಂಕ ವಸೂಲುಮಾಡುವ ಹಿಂದಿನ ಒಪ್ಪಂದಕ್ಕೆ ಒಳಪಟ್ಟದ್ದರಿಂದ, ಇಕ್ಕಟ್ಟಾಗಿಯೇ ಉಳಿಯಿತು. ನಾಲ್ಕು ಸಾಲಿನಲ್ಲಿ ಓಡಿಬಂದ ಗಾಡಿಗಳು ಅಲ್ಲಿ ಎದುರುಬದುರಾಗುತ್ತಿದ್ದುವು. 2021ರ ಜನವರಿ 15ರ ಬೆಳಿಗ್ಗೆ, ಸಂಕ್ರಾಂತಿಯ ಮರುದಿನ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ವಾಹನಕ್ಕೆ ಇಟ್ಟಿಗಟ್ಟಿಯ ಹತ್ತಿರ ಟಿಪ್ಪರು ಎದುರಾಯಿತು. ಹತ್ತಕ್ಕಿಂತ ಹೆಚ್ಚು ಜನ ಹೋದರು. ಅಂದು ನಮ್ಮ ಊರಿನ ಎಷ್ಟೋ ಓಣಿಗಳಲ್ಲಿ ಒಲೆ ಹೊತ್ತಲಿಲ್ಲ. ಆ ತುಂಡನ್ನು ಅಗಲಮಾಡುವ ಕೆಲಸ ಶುರುವಾದದ್ದು ಆಮೇಲೆ. ನಕ್ಷೆಯ ಮೇಲೆ ಅಲ್ಲಿಯೂ 48 ಎಂದೇ ಬರೆದಿತ್ತು, ಗೆರೆ ಎಲ್ಲಿಯೂ ಸಣ್ಣದಾಗಿರಲಿಲ್ಲ.

ಇಷ್ಟೆಲ್ಲ ಸಂಖ್ಯೆಗಳ ನಡುವೆ ಜನ ಇಟ್ಟ ಹೆಸರು ಏನಾಯಿತೆಂದು ವಾಚಕರು ಕೇಳಬಹುದು. ಬೆಳಗಾವಿಯಲ್ಲಿ, ಧಾರವಾಡದಲ್ಲಿ, ಹುಬ್ಬಳ್ಳಿಯಲ್ಲಿ, ನಮ್ಮ ದಾವಣಗೆರೆಯಲ್ಲಿ ಊರೊಳಗೆ ಹಾದುಹೋಗುವ ಹಳೆಯ ದೊಡ್ಡ ರಸ್ತೆಗೆ ಪಿ.ಬಿ. ರೋಡು ಎಂದು ಹೆಸರು. ಪೂನಾ ಬೆಂಗಳೂರು ರಸ್ತೆ. ಪೂನಾ ಎಂಬುದು ಪುಣೆ ಆಗಿ ಬಹಳ ಕಾಲವಾಯಿತು, ಹೆದ್ದಾರಿ ಊರಿನ ಹೊರಗೆ ಬೈಪಾಸಿಗೆ ಸರಿದು ಬಹಳ ಕಾಲವಾಯಿತು. 4 ಬಂದು ಹೋಯಿತು, 48 ಬಂದಿದೆ. ಆದರೂ ಆಟೋದವನಿಗೆ ಪಿ.ಬಿ. ರೋಡು ಎಂದರೆ ಸಾಕು. ಸಂಖ್ಯೆ ಊರ ಹೊರಕ್ಕೆ ಹೋಯಿತು, ಹೆಸರು ಊರೊಳಗೇ ಉಳಿಯಿತು. ಹೆಸರಿಗೆ ಪರಿಹಾರದ ಹಣ ಬರುವುದಿಲ್ಲ, ಗುಂಡಿ ಮುಚ್ಚಿಸಲು ಹೆಸರು ಹಿಡಿದುಕೊಂಡು ದೆಹಲಿಗೆ ಅರ್ಜಿ ಬರೆಯಲಾಗುವುದಿಲ್ಲ, ನಿಜ. ಅದಕ್ಕೆಲ್ಲ ಸಂಖ್ಯೆಯೇ ಬೇಕು. ಅದಕ್ಕೇ ಸಂಖ್ಯೆ ಬದಲಿಸುವವರು ರಸ್ತೆಯ ಪಕ್ಕದಲ್ಲಿರುವವರ ಮನೆ ಬಾಗಿಲು ತಟ್ಟಿ ಹೇಳಬೇಕಾಗಿತ್ತು ಎನ್ನುತ್ತೇನೆ.

ಹುಣಿಸೆಮರವನ್ನು ಕಡಿದ ದಿನ ನಾನು ಅಲ್ಲಿದ್ದೆ. ಬಾವಿಯನ್ನು ಮಣ್ಣು ತುಂಬಿ ಮುಚ್ಚಿದರು. ಈಗ ಅದರ ಮೇಲೆ ಸರ್ವಿಸ್ ರಸ್ತೆ ಇದೆ. ಉಳಿದ ಎರಡೂವರೆ ಎಕರೆಯಲ್ಲಿ ಅಣ್ಣ ಮೆಕ್ಕೆಜೋಳ ಹಾಕುತ್ತಾನೆ, ನೀರಿಗೆ ಕೊಳವೆಬಾವಿ. ಹೊಸ ಸಂಖ್ಯೆಗಳನ್ನು ಅವನು ನನ್ನಿಂದ ಬರೆಯಿಸಿಕೊಂಡು ಕ್ಯಾಲೆಂಡರಿನ ಹಿಂಬದಿಗೆ ಅಂಟಿಸಿಕೊಂಡಿದ್ದಾನೆ. ಪತ್ರಿಕೆಯಲ್ಲಿ ಹೆದ್ದಾರಿಯ ಪ್ರಕಟಣೆ ಯಾವುದೇ ಬರಲಿ, ಅದು ಯಾವ ಜಿಲ್ಲೆಯದೇ ಇರಲಿ, ಕತ್ತರಿಸಿ ಇಟ್ಟುಕೊಂಡಿರುತ್ತಾನೆ. ನಾನು ಹೋದಾಗ ಕನ್ನಡಕ ಏರಿಸಿ ಒಂದೊಂದನ್ನೇ ಮುಂದಿಡುತ್ತಾನೆ. ಹೋದ ಸಲ ಇಟ್ಟದ್ದು 369ರದು.

"ಇದು ಅರವತ್ತೊಂಬತ್ತರ ಮನೆತನದ್ದು, ಚಿತ್ರದುರ್ಗ ಶಿವಮೊಗ್ಗ. ಹೌದಲ್ಲ?" ಎಂದ. ಹೌದೆಂದೆ. "ಅಲ್ಲಿ ನಮ್ಮ ಅತ್ತೆಯ ಮಗಂದು ಅಡಿಕೆ ತೋಟ ಐತಿ. ಇವತ್ತಿಗೆ ಹನ್ನೊಂದನೇ ದಿನ. ಅವನಿಗೆ ಫೋನು ಹಚ್ಚಿ ಕೊಡು."